ಸೋಫಾ ಹಿಂದಕ್ಕೆ, ನಿಂತವರು ಮುಂದಕ್ಕೆ

ಲಂಡನ್ನಿಗೆ ಹೋಗಿ ಬಂದವರು ಗಡಿಯಾರದ ಗೋಪುರ, ಬಕಿಂಗ್‌ಹ್ಯಾಮ್ ಅರಮನೆಗಳ ಫೋಟೋ ತೋರಿಸಿ ನಮ್ಮ ತಲೆ ತಿನ್ನುವುದುಂಟು. 2019ರ ಜೂನ್‌ನಲ್ಲಿ ನಾನೂ ಅವನ್ನೆಲ್ಲ ನೋಡಿದೆ. ಬೆಳಗಿನಿಂದ ಜಿಟಿಜಿಟಿ ಮಳೆ. ಗೋಪುರದ ಸುತ್ತ ದುರಸ್ತಿಯ ಅಟ್ಟಣೆ. ಆದರೆ ಗೆಳೆಯರೆ, ನಾನು ಹೇಳಹೊರಟಿದ್ದು ಆ ಮಧ್ಯಾಹ್ನ ನೋಡಿದ ನಾಟಕದ ವಿಷಯ; ಅದಕ್ಕಿಂತ ಹೆಚ್ಚಾಗಿ, ನಾನು ನಿಂತ ಜಾಗದ ವಿಷಯ.

ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ ಗ್ಲೋಬ್ ರಂಗಮಂದಿರವಿದೆ. ಶೇಕ್ಸ್‌ಪಿಯರನ ತಂಡ 1599ರಲ್ಲಿ ಕಟ್ಟಿದ್ದು 1613ರಲ್ಲಿ ಸುಟ್ಟುಹೋಯಿತು. ನಾಟಕದಲ್ಲಿ ಹಾರಿಸಿದ ತೋಪಿನ ಕಿಡಿ ಹುಲ್ಲಿನ ಮಾಡಿಗೆ ತಗಲಿತ್ತು! ಈಗಿನದು ಅಮೆರಿಕದ ನಟ ಸ್ಯಾಮ್ ವಾನಮೇಕರ್ ಹಟ ಹಿಡಿದು ಶುರುಮಾಡಿದ್ದು. ಅವರು ತೀರಿಕೊಂಡದ್ದು 1993ರಲ್ಲಿ, ಮಂದಿರ ತೆರೆದದ್ದು 1997ರಲ್ಲಿ. ಸುತ್ತಲೂ ಮಾಡು, ನಡುವೆ ಬರೀ ಆಕಾಶ. ಆ ನಡುವಿನ ಅಂಗಳದಲ್ಲಿ ಸುಮಾರು 700 ಮಂದಿ ನಿಂತೇ ನೋಡಬೇಕು, ಕೊಡೆ ಬಿಡಿಸುವಂತಿಲ್ಲ. ಶೇಕ್ಸ್‌ಪಿಯರನ ಕಾಲದಲ್ಲಿ ಅಲ್ಲಿಗೆ ಒಂದು ಪೆನ್ನಿ. ನಾನು ಕೊಟ್ಟದ್ದು 5 ಪೌಂಡು. ಮಾಡಿನ ಕೆಳಗೆ ಕೂರಲು ಅದರ ಎಷ್ಟೋ ಪಟ್ಟು.

ತಮಾಷೆ ನೋಡಿ, ಅಗ್ಗದ ಟಿಕೇಟಿನವನೇ ರಂಗಕ್ಕೆ ಎಲ್ಲರಿಗಿಂತ ಹತ್ತಿರ! ಅಂದಿನ ಆಟ 'ದಿ ಮೆರಿ ವೈವ್ಸ್ ಆಫ್ ವಿಂಡ್ಸರ್'. ಡೊಳ್ಳುಹೊಟ್ಟೆಯ ಫಾಲ್‌ಸ್ಟಾಫನನ್ನು ಕೊಳೆಬಟ್ಟೆಯ ಬುಟ್ಟಿಯಲ್ಲಿ ತುಂಬಿ ಥೇಮ್ಸಿಗೆ ಎಸೆದಿರುತ್ತಾರೆ. ಅವನು ಮೇಲೆ ಬಂದು ಗೋಳಾಡುವಾಗ ಕೆಳಗೆ ನಾವೂ ತೊಯ್ದು ತೊಪ್ಪೆ. ಅವನನ್ನು ನೋಡಿ ನಾವು ನಕ್ಕೆವು. ನಮ್ಮನ್ನು ನೋಡಿ ಮಾಡಿನ ಕೆಳಗಿನವರು ನಕ್ಕರು. ನನ್ನ ಅಕ್ಕಪಕ್ಕದವರು ಯಾರೂ ಜಾಗ ಬಿಟ್ಟು ಕದಲಲಿಲ್ಲ.

ಈಗ ನಮ್ಮ ಮುಂಬಯಿಗೆ ಬನ್ನಿ. ನಾನು ಕಂಡ ಕನ್ನಡ ಸಮಾರಂಭಗಳಲ್ಲೆಲ್ಲ ಮುಂದಿನ ಸಾಲು ಸೋಫಾ, ಅದು ಅತಿಥಿಗಳಿಗೆ. ಶಾಲು, ಹಾರ, ಭಾಷಣ ಮುಗಿದದ್ದೇ ಅವರು ಕಾರು ಹತ್ತುತ್ತಾರೆ. ನಾಟಕ ಶುರುವಾಗುವ ಹೊತ್ತಿಗೆ ನಟರ ಎದುರು ಖಾಲಿ ಸೋಫಾ. ಗೋಡೆಗೊರಗಿ ನಿಂತ ನಾವು ಎಲ್ಲೋ ಹಿಂದೆ. ಆಮೇಲೆ, "ಈಗಿನ ಹುಡುಗರಿಗೆ ಕನ್ನಡ ನಾಟಕ ಬೇಡ ಕಣ್ರೀ" ಅಂತ ದೂರು ಬೇರೆ! ದೂರದಿಂದ ಮಾತೇ ಕೇಳಿಸದಿದ್ದರೆ ಯಾರಿಗೆ ತಾನೆ ಬೇಕು? ಊರಿನ ಬಯಲಾಟದಲ್ಲಾದರೂ ಚಾಪೆ ಹಾಸಿ ಕೂತ ಮಕ್ಕಳಿಗೇ ರಂಗಸ್ಥಳ ಹತ್ತಿರ.

ಹಿರಿಯರಿಗೆ ಗೌರವ ಬೇಡವೆಂದಲ್ಲ. ಮೊಣಕಾಲು ನೋವಿನವರಿಗೆ ಕುರ್ಚಿ ಬೇಕೇ ಬೇಕು, ಬದಿಯಲ್ಲಿ ಹಾಕೋಣ. ಆದರೆ ಈ ಸಲದ ವಾರ್ಷಿಕೋತ್ಸವದಲ್ಲಿ ರಂಗದ ಎದುರು ಬರೀ ಜಮಖಾನ ಹಾಸಲಿ. ಕೊನೆಯ ಅಂಕದವರೆಗೆ ಇರುವವರು ಅಲ್ಲಿ ಕೂರಲಿ. ನಮ್ಮ ಸಮಿತಿಯವರಿಗೆ ಒಪ್ಪಿಗೆ ಇಲ್ಲವಾದರೆ ಕಾರಣವನ್ನು ಮುಂದಿನ ಸಂಚಿಕೆಯಲ್ಲಿ ಬರೆಯಲಿ, ಓದಲು ನಾವಿದ್ದೇವೆ.