ಜೀವಕೋಶದ ಮಾದರಿಗೂ ಉಗ್ರಾಣ ಬೇಕು

ಕಲ್ಯಾಣ ಜಂಕ್ಷನಿನಲ್ಲಿ ಒಂದು ಲೋಕಲ್ ಗಾಡಿ ಹತ್ತು ನಿಮಿಷ ನಿಂತುಬಿಟ್ಟರೆ ಡೊಂಬಿವಲಿಯ ಪ್ಲಾಟ್‌ಫಾರಂ ಕಿಕ್ಕಿರಿಯುವುದು. ಥಾಣೆಯಲ್ಲಿ ಇಳಿದು ನವಿ ಮುಂಬಯಿಯ ಗಾಡಿ ಹಿಡಿಯಬೇಕಾದವರಿಗೆ ಅದು ತಪ್ಪುವುದು. ಒಂದೊಂದು ಗಾಡಿಯನ್ನೂ ಬಿಡಿಯಾಗಿ ಪರೀಕ್ಷಿಸಿದವನಿಗೆ ಈ ಪರಿಣಾಮ ತಿಳಿಯದು. ಇಡೀ ಮಾರ್ಗವನ್ನೂ ವೇಳಾಪಟ್ಟಿಯನ್ನೂ ಒಟ್ಟಿಗೆ ನೋಡಬೇಕು.

ಜೀವಕೋಶದ ವಿಷಯವೂ ಹೀಗೆಯೇ. ಅದರೊಳಗಿನ ಪ್ರೋಟೀನುಗಳು ಒಂದಕ್ಕೊಂದು ಸಂಕೇತ ಕೊಡುತ್ತಲೂ ತಡೆಯುತ್ತಲೂ ಇರುವುವು. ಈ ಒಟ್ಟು ವ್ಯವಹಾರವನ್ನು ಗಣಿತದ ಸಮೀಕರಣಗಳಾಗಿ ಬರೆದು, ಗಣಕಯಂತ್ರದಲ್ಲಿ ನಡೆಸಿನೋಡುವ ಶಾಸ್ತ್ರವನ್ನು ವ್ಯವಸ್ಥಾ ಜೀವವಿಜ್ಞಾನವೆನ್ನುವರು. ಆ ಸಮೀಕರಣಗಳ ಸಮೂಹವೇ ‘ಮಾದರಿ’. ನವಿ ಮುಂಬಯಿಯ ಖಾರ್ಘರ್‌ನಲ್ಲಿರುವ ಆಕ್ಟ್ರೆಕ್ ಸಂಸ್ಥೆಯವರು ಅಭ್ಯಸಿಸುವ ಕ್ಯಾನ್ಸರ್ ರೋಗದಲ್ಲಿಯೂ ಇಂಥ ಸಂಕೇತಗಳು ದಾರಿ ತಪ್ಪಿರುವುವು. ಆದುದರಿಂದ ಇದು ಕೇವಲ ಪಂಡಿತರ ವಿನೋದವಲ್ಲ.

ಕಟ್ಟಿದವನೊಬ್ಬನೇ ನಡೆಸಬಲ್ಲ ಮಾದರಿಯನ್ನು ನಾವು ವಿಜ್ಞಾನವೆಂದು ಒಪ್ಪಲಾರೆವು. ಬ್ರಿಟನ್ನಿನಲ್ಲಿ ‘ಬಯೋಮಾಡೆಲ್ಸ್’ ಎಂಬ ಮಾದರಿಗಳ ಉಗ್ರಾಣವಿದೆ. ಅದನ್ನು ನೋಡಿಕೊಳ್ಳುವವರು, ಪ್ರಕಟವಾಗಿದ್ದ 455 ಮಾದರಿಗಳನ್ನು ಪರೀಕ್ಷಿಸಿ 2021ರಲ್ಲಿ ವರದಿ ಕೊಟ್ಟರು. ಲೇಖನದಲ್ಲಿದ್ದ ವಿವರವನ್ನಷ್ಟೇ ನಂಬಿ ನಡೆಸಿದಾಗ ಸುಮಾರು ಅರ್ಧದಷ್ಟು ಮಾದರಿಗಳಲ್ಲಿ ಹಿಂದಿನ ಫಲ ದೊರೆಯಲಿಲ್ಲ! ಎಷ್ಟೋ ಲೇಖನಗಳಲ್ಲಿ ಅಗತ್ಯವಾದ ಅಂಕಿಗಳೇ ಬಿಟ್ಟುಹೋಗಿದ್ದುವು. ಶಾಲೆಯ ಲೆಕ್ಕದಲ್ಲಿ ಹೀಗೆ ಮಾಡಿದರೆ ಗುರುಗಳು ಸೊನ್ನೆ ಕೊಡುವರು.

ಈ ತೊಂದರೆಯನ್ನು ಬೆಂಗಳೂರು ಬಹು ಬೇಗನೆ ಕಂಡುಕೊಂಡಿದ್ದಿತೆಂಬುದು ಕನ್ನಡಿಗರಾದ ನಮಗೆ ಅಭಿಮಾನದ ಸಂಗತಿ. ಅಲ್ಲಿಯ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಉಪಿಂದರ್ ಭಲ್ಲಾ ಅವರೂ ಸಂಗಡಿಗರೂ ಜೀವಕೋಶದ ಸಂಕೇತಗಳ ಮಾದರಿಗಳಿಗಾಗಿ ಡಿ.ಓ.ಕ್ಯೂ.ಸಿ.ಎಸ್. ಎಂಬ ಸಾರ್ವಜನಿಕ ಭಂಡಾರವನ್ನು ಕಟ್ಟಿ, 2003ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಯಾವ ಕ್ರಿಯೆಯ ವೇಗವೆಷ್ಟು, ಯಾವ ವಸ್ತುವಿನ ಪ್ರಮಾಣವೆಷ್ಟು ಎಂಬುದನ್ನು ಟಿಪ್ಪಣಿಗಳೊಡನೆ ಅದರಲ್ಲಿ ಬರೆದಿಟ್ಟರು. ಬಯೋಮಾಡೆಲ್ಸ್ ತೆರೆದುದು 2005ರಲ್ಲಿ.

ಭಂಡಾರವಿದ್ದರೆ ಸಾಲದು, ಸಮಾನ ಲಿಪಿಯೂ ಬೇಕು. ನಮ್ಮ ರೈಲುಮಾರ್ಗದ ಹಳಿಗಳ ಅಂತರ 1,676 ಮಿಲಿಮೀಟರು. ನೇರಳ್‌ನಿಂದ ಮಾಥೇರಾನಿಗೆ ಏರುವ ಪುಟ್ಟ ಗಾಡಿಯದು 610. ಒಂದರ ಡಬ್ಬಿ ಇನ್ನೊಂದರ ಮೇಲೆ ಓಡದು. ನೇರಳ್‌ನಲ್ಲಿ ಎಲ್ಲರೂ ಇಳಿಯಲೇಬೇಕು. ಮಾದರಿಗಳಿಗೆ ಈ ಸಂಕಟ ಒದಗದಿರಲೆಂದು ಎಸ್.ಬಿ.ಎಂ.ಎಲ್. ಎಂಬ ಲಿಪಿಯನ್ನು ಹಲವು ದೇಶಗಳವರು ಕೂಡಿ ಬೆಳೆಸಿರುವರು.

ಇನ್ನು ಹಣದ ಮಾತು. ನಮ್ಮಲ್ಲಿ ಕಟ್ಟುವ ಉತ್ಸಾಹ ಕಾಯುವುದರಲ್ಲಿ ಕಾಣದು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯ ತರುಣರು, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರೊಡನೆ ಸೇರಿ, ಸಂಶೋಧನ ಲೇಖನಗಳನ್ನು ಒಂದೊಂದಾಗಿ ಓದಿ ಮಾನವ ಪ್ರೋಟೀನುಗಳ ಕೋಶವೊಂದನ್ನು ಸಿದ್ಧಪಡಿಸಿದರು. ಜಗತ್ತೇ ಬಳಸಿದ ಆ ಕೋಶಕ್ಕೆ 2010ರ ಒಂಬತ್ತನೆಯ ಆವೃತ್ತಿಯ ಮೇಲೆ ಹೊಸ ಆವೃತ್ತಿ ಬರಲಿಲ್ಲ. ಹಳೆಯ ವೇಳಾಪಟ್ಟಿಯನ್ನು ಹಿಡಿದು ಇಂದಿನ ಗಾಡಿಗೆ ಕಾಯುವುದಾದರೂ ಹೇಗೆ?

2022ರ ನವೆಂಬರಿನಲ್ಲಿ ಫರೀದಾಬಾದಿನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರದ ಉದ್ಘಾಟನೆಯಾಯಿತು. ಸಂತೋಷ. ಆದರೆ ಯಂತ್ರಗಳ ಜೊತೆಗೆ, ಬಂದ ಪ್ರತಿಯೊಂದು ಮಾದರಿಯನ್ನೂ ಮತ್ತೆ ನಡೆಸಿ ತಪ್ಪು ಹುಡುಕುವ ಖಾಯಂ ಪರಿಶೀಲಕರೂ ಇಂಥ ಕೇಂದ್ರಗಳಲ್ಲಿರತಕ್ಕದ್ದು. ಅವರ ಸಂಬಳ ಮೂರು ವರ್ಷದ ಯೋಜನೆಯೊಂದಿಗೆ ಮುಗಿಯಕೂಡದು. ಪರರ ಮಾದರಿಯನ್ನು ಪರೀಕ್ಷಿಸುವುದು ಎರಡನೆಯ ದರ್ಜೆಯ ಕೆಲಸವೆಂಬ ಭಾವನೆ ವಿಶ್ವವಿದ್ಯಾಲಯಗಳಲ್ಲಿ ಇದ್ದರೆ ಅದನ್ನೂ ಬಿಡಬೇಕು.

ಬಯೋಮಾಡೆಲ್ಸ್ ಉಗ್ರಾಣಕ್ಕೆ ಪ್ರವೇಶ ಶುಲ್ಕವಿಲ್ಲ. ಮಾದರಿಯನ್ನು ನಡೆಸುವ ‘ಕೊಪಾಸಿ’ ಎಂಬ ತಂತ್ರಾಂಶವೂ ಉಚಿತವೇ. ಹತ್ತನೆಯ ತರಗತಿಯ ಗೆಳೆಯರು ಈ ರಜೆಯಲ್ಲಿ ಚಿಕ್ಕದೊಂದು ಮಾದರಿಯನ್ನು ನಡೆಸಿ, ಅಂಕಿಯೊಂದನ್ನು ಬದಲಿಸಿ ಏನಾಗುವುದೆಂದು ನೋಡಲಿ.