ವಾಣಿಜ್ಯದ ವಿದ್ಯಾರ್ಥಿಗೂ ವಿಜ್ಞಾನ

ಆಂಧ್ರ ವಿಶ್ವವಿದ್ಯಾನಿಲಯವು 1926ರಲ್ಲಿ ಆರಂಭವಾದುದು ಬೆಜವಾಡದಲ್ಲಿ, ಎಂದರೆ ಇಂದಿನ ವಿಜಯವಾಡದಲ್ಲಿ. ವಿಶಾಖಪಟ್ಟಣದ ವಾಲ್ತೇರಿಗೆ ಬಂದುದು 1930ರಲ್ಲಿ. ಅದರ ಪ್ರಥಮ ಉಪಕುಲಪತಿ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರೂ 1931ರಲ್ಲಿ ಆ ಸ್ಥಾನಕ್ಕೆ ಬಂದ ಡಾ. ಎಸ್. ರಾಧಾಕೃಷ್ಣನ್ ಅವರೂ ಅದಕ್ಕೆ ಮುನ್ನ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವೇ (1948–49) ಕಲಾ ವಿದ್ಯಾರ್ಥಿಗೆ ವಿಜ್ಞಾನವನ್ನೂ ವಿಜ್ಞಾನದವನಿಗೆ ಮಾನವಿಕ ವಿಷಯಗಳನ್ನೂ ಸಾಮಾನ್ಯ ಶಿಕ್ಷಣವಾಗಿ ಬೋಧಿಸಬೇಕೆಂದು ಶಿಫಾರಸು ಮಾಡಿತು. ಆಚರಣೆಗೆ ಬಂದುದು ಮಾತ್ರ ಅಲ್ಪ.

2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರದ ಕಾರ್ಖಾನೆಯೊಂದರ ತೊಟ್ಟಿಯಿಂದ ಸ್ಟೈರೀನ್ ಆವಿ ಹೊರಹೊಮ್ಮಿ, ಅಧಿಕೃತ ಲೆಕ್ಕದಂತೆ 12 ಮಂದಿ ಅಸುನೀಗಿದರು. ಆ ದ್ರವವನ್ನು 20 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾಗಿ ಇಡಬೇಕು. ಕಾದಂತೆಲ್ಲ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಮತ್ತಷ್ಟು ಶಾಖವನ್ನು ಬಿಡುತ್ತವೆ. ಆವಿ ಗಾಳಿಗಿಂತ ಮೂರೂವರೆ ಪಟ್ಟು ಭಾರವಾದುದರಿಂದ ನೆಲವನ್ನು ತಬ್ಬಿ ಹರಡುತ್ತದೆ. ಆ ಹೊತ್ತಿನಲ್ಲಿ ತಗ್ಗಿಗೆ ಓಡದೆ, ಗಾಳಿಗೆ ಅಡ್ಡಲಾಗಿ ಎತ್ತರದ ಕಡೆಗೆ ಸಾಗಬೇಕೆಂದು ತಿಳಿಯಲು ರಸಾಯನಶಾಸ್ತ್ರದ ಪದವಿ ಬೇಕೆ?

2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರ ಮೊದಲಾದ ಬಡಾವಣೆಗಳು ದಿನಗಟ್ಟಲೆ ಜಲಾವೃತವಾದವು. ನೆರೆ ಇಳಿದ ಮೇಲೆ ಭಯ ಕುಡಿಯುವ ನೀರಿನದು. ಐನೂರು ಲೀಟರಿನ ತೊಟ್ಟಿಗೆ ಲೀಟರಿಗೆ ಎರಡು ಮಿಲಿಗ್ರಾಂನಂತೆ ಕ್ಲೋರಿನ್ ಬೇಕಾದರೆ ಒಟ್ಟು ಒಂದು ಗ್ರಾಂ ಆಯಿತು. ಬ್ಲೀಚಿಂಗ್ ಪುಡಿಯಲ್ಲಿ ಮೂರರಲ್ಲೊಂದು ಪಾಲು ಕ್ಲೋರಿನ್ ಇದ್ದರೆ ಮೂರು ಗ್ರಾಂ ಪುಡಿ. ಬಡ್ಡಿ ಲೆಕ್ಕ ಬಲ್ಲ ಬಿ.ಕಾಂ. ಹುಡುಗನಿಗೆ ಇದು ಕಷ್ಟವಲ್ಲ. ಆದರೆ ಕೆಸರು ಕ್ಲೋರಿನ್ನನ್ನು ನುಂಗುವುದರಿಂದ ಮೊದಲು ಸೋಸಬೇಕು, ಹಾಕಿದ ಮೇಲೆ ಅರ್ಧ ಗಂಟೆ ಕಾಯಬೇಕು, ತೆರೆದಿಟ್ಟ ಹಳೆಯ ಪುಡಿ ಸತ್ವಗೆಡುತ್ತದೆ ಎಂಬುದನ್ನು ಅವನಿಗೆ ಯಾರಾದರೂ ಹೇಳಿರಬೇಕು.

ಸಾಮಾನ್ಯ ವಿಜ್ಞಾನವೆಂದರೆ ಬಿ.ಎಸ್ಸಿ. ಪಠ್ಯಕ್ಕೆ ನೀರು ಬೆರೆಸಿದ ವ್ಯಾಖ್ಯೆಗಳ ಪಟ್ಟಿಯಾದರೆ ಅದು ಇಲ್ಲದಿರುವುದೇ ಲೇಸು. ಪರೀಕ್ಷೆಯ ಮರುದಿನವೇ ಅದು ಮರೆತುಹೋಗುತ್ತದೆ. ನಾಲ್ಕೈದು ವಿಷಯಗಳು ಸಾಕು: ನೀರು, ಗಾಳಿ, ರೋಗಾಣು, ಔಷಧದ ಪ್ರಮಾಣ, ಸಂಭಾವ್ಯತೆ. ಪ್ರತಿಯೊಂದರಲ್ಲೂ ‘ಇದು ನಿಜವೆಂದು ಹೇಗೆ ತಿಳಿಯಿತು?’ ಎಂಬ ಪ್ರಶ್ನೆಯನ್ನು ಕೊನೆಯವರೆಗೂ ಬೆನ್ನಟ್ಟಬೇಕು. ಈ ತರಗತಿಯನ್ನು ಹೊಸದಾಗಿ ಸೇರಿದ ಉಪನ್ಯಾಸಕರ ಹೆಗಲಿಗೆ ಕಟ್ಟದೆ, ವಿಭಾಗದ ಅತ್ಯುತ್ತಮ ಅಧ್ಯಾಪಕರಿಗೆ ವಹಿಸಬೇಕು. ವಿಜ್ಞಾನಕ್ಕೆ ಅಂಕ ಸಾಲದೆ ಕಾಮರ್ಸಿಗೆ ಹೋದನೆಂದು ಮಗನನ್ನು ಹಳಿಯುವ ತಂದೆ ತಾಯಿಯರು ಪರ ಊರುಗಳಲ್ಲಿ ನೆಲೆಸಿದ ನಮ್ಮವರಲ್ಲೂ ಉಂಟು. ಪ್ರಯೋಗಾಲಯ ದೊರೆಯದಿದ್ದರೆ ಮಹಡಿಯ ಮೇಲಿನ ನೀರಿನ ತೊಟ್ಟಿಯ ಬಳಿ ಅಂಥ ಹುಡುಗರನ್ನು ಕೂರಿಸಿದರೂ ಮೊದಲ ಪಾಠ ನಡೆದೀತು.