ತಂತಿಯಲ್ಲಿ ಸ್ವರವಿತ್ತು, ನಾದವಿರಲಿಲ್ಲ

ನಮ್ಮ ಶಾಲೆಯ ಸಂಗೀತ ಮೇಷ್ಟ್ರು ಬೆಳಗಿನ ಪ್ರಾರ್ಥನೆಗೆ ತಾವೇ ಕೂಡಿಸಿದ್ದ ಧಾಟಿ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಮೋಹನ ರಾಗದ ಆ ಸರಳವಾದ ಧಾಟಿಯನ್ನು ಅವರು ಎಲ್ಲಿಯೂ ಬರೆದಿಡಲಿಲ್ಲ. ಅವರು ತೀರಿಕೊಂಡ ಮೇಲೆ ಅದು ಉಳಿದಿರುವುದು ನಮ್ಮ ನಿಮ್ಮ ಕಿವಿಗಳಲ್ಲಿ ಮಾತ್ರ. ಮುಂದಿನ ತಿಂಗಳು ನೀವೆಲ್ಲ ಸೇರುವಾಗ ಅದನ್ನು ಹಾಡಬೇಕೆಂಬ ಕೋರಿಕೆ ಬಂದಿತು. ನಾನು ಗುನುಗುವುದು, ಮೊಮ್ಮಗಳು ತನ್ನ ಡಿಜಿಟಲ್ ಪಿಯಾನೋದಲ್ಲಿ ನುಡಿಸಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವುದು ಎಂದು ನಿರ್ಧಾರವಾಯಿತು. ಐವತ್ತು ದಾಟಿದ ಕಂಠಗಳಿಗೆ ಶ್ರುತಿ ಇಳಿಸಬೇಕಾಗುತ್ತದೆ. ಮಿಡಿ ಕ್ರಮದಲ್ಲಿ ರೆಕಾರ್ಡ್ ಮಾಡಿದರೆ ಅದು ಸುಲಭವೆಂದು ಅವಳ ಪಿಯಾನೋ ಗುರುಗಳು ತಿಳಿಸಿದರು.

ಎರಡು ದಿನ ಏನೂ ಕೇಳಿಸಲಿಲ್ಲ. ಪ್ರಿಂಟರಿಗೆ ಬಳಸುವ, ಒಂದು ತುದಿ ಚೌಕವಾಗಿರುವ ಯುಎಸ್‌ಬಿ ಕೇಬಲ್ಲನ್ನು ಸಿಕ್ಕಿಸಿದೆವು. ಮೊಮ್ಮಗಳು ಮನೆ ಒತ್ತಿದರೆ ಪರದೆಯ ಮೇಲೆ ಪುಟ್ಟ ಪಟ್ಟಿಗಳು ಮೂಡುತ್ತಿದ್ದವು. ಮರಳಿ ನುಡಿಸಿದರೆ ಮೌನ. ‘ತಾತ, ಪಿಯಾನೋ ಕೆಟ್ಟುಹೋಯಿತಾ?’ ಎಂದು ಅವಳು ಅಳುಮುಖ ಮಾಡಿದಳು. ನನ್ನ ತಂಗಿಯ ಮಗ ಫೋನಿನಲ್ಲಿ, ‘ಮಾವ, ಎಲ್ಲ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ’ ಎಂದ. ಹಾಗೆಯೇ ಮಾಡಿದೆವು, ಮತ್ತದೇ ಮೌನ. ಅಂಗಡಿಯವರೊಬ್ಬರು ಹೊಸದೊಂದು ಆಡಿಯೋ ಇಂಟರ್‌ಫೇಸ್ ಪೆಟ್ಟಿಗೆಯನ್ನೇ ಕೊಳ್ಳಬೇಕೆಂದರು. ಅದೃಷ್ಟವಶಾತ್ ನಾನು ಸ್ವಭಾವತಃ ಜಿಪುಣ.

ನನ್ನ ತಕರಾರು ಇರುವುದು ಇಲ್ಲಿ. ಇಲ್ಲಿ ಒತ್ತಿ, ಅಲ್ಲಿ ಟಿಕ್ ಹಾಕಿ, ಮತ್ತೆ ಶುರುಮಾಡಿ ಎಂದು ಎಲ್ಲರೂ ಹಂತಗಳನ್ನು ಹೇಳಿದರು. ಆ ತಂತಿಯಲ್ಲಿ ಹರಿಯುವುದು ಏನು ಎಂಬುದನ್ನು ಒಬ್ಬರೂ ಹೇಳಲಿಲ್ಲ. ಪಿಯಾನೋದ ಕೈಪಿಡಿಯೂ ಅಷ್ಟೇ. ಹಂತ ಹೇಳುವುದು ಬೋಧನೆಯಲ್ಲ. ಹೇಳಿದ ದಾರಿಯಲ್ಲಿ ಒಂದು ಹೆಜ್ಜೆ ತಪ್ಪಿದರೆ ಕಲಿತವನು ಅಲ್ಲಿಯೇ ನಿಂತುಬಿಡುತ್ತಾನೆ.

ಹರಿಯುವುದು ನಾದವಲ್ಲ. ಸ್ವರಪ್ರಸ್ತಾರದ ಪುಸ್ತಕವನ್ನು ನೆನೆದುಕೊಳ್ಳಿ. ಪುಸ್ತಕ ತಾನಾಗಿ ಹಾಡುವುದಿಲ್ಲ, ಹಾಡುವವರೊಬ್ಬರು ಬೇಕು. ಮಿಡಿ ಅಂತಹ ಪುಸ್ತಕ. ಯಾವ ಮನೆ ಒತ್ತಲಾಯಿತು, ಎಷ್ಟು ಬಿರುಸಾಗಿ, ಯಾವಾಗ ಬಿಡಲಾಯಿತು ಎಂಬ ಅಂಕಿಗಳನ್ನಷ್ಟೇ ಅದು ಒಯ್ಯುತ್ತದೆ. ಮನೆಗಳಿಗೆ 0ಯಿಂದ 127ರವರೆಗೆ ಸಂಖ್ಯೆ. ನಡುವಿನ ‘ಸಿ’ ಮನೆ 60. ಅದನ್ನು ಷಡ್ಜವೆಂದು ಹಿಡಿದರೆ ಮೋಹನದ ಐದು ಸ್ವರಗಳು 60, 62, 64, 67, 69. ಶ್ರುತಿ ಇಳಿಸುವುದೆಂದರೆ ಎಲ್ಲದರಿಂದಲೂ ಒಂದೇ ಅಂಕಿಯನ್ನು ಕಳೆಯುವುದು! ಜಪಾನಿನ ಇಕುತಾರೊ ಕಾಕೆಹಾಶಿ, ಅಮೆರಿಕದ ಡೇವ್ ಸ್ಮಿತ್ ಮೊದಲಾದವರ ಪ್ರಯತ್ನದಿಂದ 1983ರಲ್ಲಿ ಬಂದ ಈ ಏರ್ಪಾಡನ್ನು, ಪರಸ್ಪರ ಪೈಪೋಟಿಯಲ್ಲಿದ್ದ ಕಂಪನಿಗಳೇ ಒಪ್ಪಿ ನಡೆಸಿಕೊಂಡು ಬಂದವು. ಇದು ನನಗೆ ಇಂದಿಗೂ ಸೋಜಿಗದ ವಿಷಯ.

ಇಷ್ಟು ತಿಳಿದಮೇಲೆ ಉಳಿದದ್ದು ವಿದ್ಯುನ್ಮಂಡಲದ ಪಾಠ. ಬಲ್ಬು ಉರಿಯದಿದ್ದರೆ ಕೋಶದಿಂದ ಹೊರಟು ಬೆರಳಿನಿಂದ ದಾರಿ ಹಿಡಿದು ನೋಡಬೇಕು. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಸಾಫ್ಟ್‌ವೇರಿನ ಪಟ್ಟಿಯಲ್ಲಿ ಪಿಯಾನೋದ ಹೆಸರಿದೆಯೇ? ಇದೆ, ಅಂದಮೇಲೆ ಕೇಬಲ್ ಸರಿ. ಪಟ್ಟಿಗಳು ಮೂಡುತ್ತಿವೆಯೇ? ಮೂಡುತ್ತಿವೆ, ಟ್ರ್ಯಾಕಿನವರೆಗೂ ಸರಿ. ಅದೇ ಸಾಫ್ಟ್‌ವೇರಿನಲ್ಲಿ ಬೇರೊಂದು ಹಾಡು ಸ್ಪೀಕರಿನಿಂದ ಕೇಳಿಸಿತು. ಕೊರತೆ ಇದ್ದದ್ದು ನಡುವೆ: ಬರೆದದ್ದನ್ನು ಹಾಡುವವರೇ ಇರಲಿಲ್ಲ. ಆ ಟ್ರ್ಯಾಕಿಗೆ ವಾದ್ಯವನ್ನೇ ಆರಿಸಿರಲಿಲ್ಲ. ಆರಿಸಿದೊಡನೆ ಪಿಯಾನೋ ಮೊಳಗಿತು, ಒಂದಕ್ಕೆ ಎರಡಾಗಿ. ಪಿಯಾನೋ ತಾನೂ ನುಡಿಯುತ್ತಿತ್ತು, ಸ್ವಲ್ಪ ತಡವಾಗಿ ಕಂಪ್ಯೂಟರೂ ನುಡಿಯುತ್ತಿತ್ತು. ಪಿಯಾನೋದಲ್ಲಿ ‘ಲೋಕಲ್ ಕಂಟ್ರೋಲ್’ ನಿಲ್ಲಿಸಿದಾಗ ಒಂದಾಯಿತು. ತಡವಾಗುವುದಕ್ಕೆ ಕಾರಣ ಬಫರ್: ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ 1024 ಮಾದರಿಗಳನ್ನು ಕೂಡಿಡಲು ಸುಮಾರು 23 ಮಿಲಿಸೆಕೆಂಡು ಬೇಕು, 256ಕ್ಕೆ ಸುಮಾರು 6. ಕಡಿಮೆ ಮಾಡಿದೆವು. ತೀರಾ ಕಡಿಮೆ ಮಾಡಿದಾಗ ಶಬ್ದ ಚಟಪಟಗುಟ್ಟಿತು, ಮತ್ತೆ 256ಕ್ಕೇ ಬಂದೆವು.

ಇದೆಲ್ಲವನ್ನೂ ಮೊಮ್ಮಗಳ ಕೈಯಿಂದಲೇ ಮಾಡಿಸಿದೆ. ನಾನು ಮೌಸ್ ಮುಟ್ಟಲಿಲ್ಲ. ಇದು ದೊಡ್ಡತನವಲ್ಲ, ಪ್ರಾಯಶ್ಚಿತ್ತ. ಪರೀಕ್ಷೆ ಹತ್ತಿರ ಬಂದಾಗ ವಿದ್ಯುನ್ಮಂಡಲದ ಪಾಠವನ್ನು ನಾನೂ ಹಂತ ಹಂತವಾಗಿ ಉಕ್ತಲೇಖನ ಬರೆಸಿ ಮುಗಿಸಿದ ವರ್ಷಗಳಿವೆ. ನಿಮ್ಮಲ್ಲಿ ಕೆಲವರು ಆ ನೋಟ್ಸನ್ನು ಉರುಹೊಡೆದು ಒಳ್ಳೆಯ ಅಂಕ ಪಡೆದಿರಿ, ಬಲ್ಬನ್ನು ಮಾತ್ರ ಉರಿಸಲಿಲ್ಲ. ಕೈಪಿಡಿ ಬರೆದವರನ್ನು ಬೈಯುವಾಗ ನನ್ನ ಸೀಮೆಸುಣ್ಣ ನೆನಪಾಗದೆ ಇರಲಿಲ್ಲ.

ಈಗ ಧಾಟಿ ಸಿದ್ಧವಾಗಿದೆ. ಶ್ರುತಿಯನ್ನು ಎರಡು ಮನೆ ಇಳಿಸಿದ್ದೇವೆ. ಒಂದೇ ಒಂದು ಸಂದೇಹ ಉಳಿದಿದೆ: ಚರಣದ ಎರಡನೆಯ ಸಾಲಿನ ಕೊನೆಯಲ್ಲಿ ಮೇಷ್ಟ್ರು ಗಾಂಧಾರಕ್ಕೆ ಇಳಿಯುತ್ತಿದ್ದರೋ, ಪಂಚಮದಲ್ಲಿಯೇ ನಿಲ್ಲುತ್ತಿದ್ದರೋ? ಮುಂದಿನ ಸಾಲಿನಲ್ಲಿ ನಿಂತು ಹಾಡುತ್ತಿದ್ದ ಹೆಣ್ಣುಮಕ್ಕಳಿಗೆ ಖಂಡಿತ ನೆನಪಿರುತ್ತದೆ. ದಯವಿಟ್ಟು ತಿಳಿಸಿ. ಅದೊಂದು ಸ್ವರವನ್ನು ತಿದ್ದಲು ಮೊಮ್ಮಗಳಿಗೆ ಅರ್ಧ ನಿಮಿಷ ಸಾಕು.